ಐವತ್ತು ಕೋತಿಗಳೂ ಒಬ್ಬ ನಗೆಗಾರರೂ

ರಸಪ್ರಕರಣವನ್ನು ಪಾಠ ಹೇಳುವಾಗ ಹಾಸ್ಯದ ಸರದಿ ಬಂದರೆ ವಿದ್ಯಾರ್ಥಿಗಳ ಮುಖ ತುಸು ಅರಳುತ್ತದೆ. ಭರತಮುನಿ ನಗುವನ್ನು ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತ ಎಂದು ಆರು ಬಗೆಯಾಗಿ ವಿಂಗಡಿಸಿದನೆಂದೂ, ತಾನು ನಗುವುದು ಆತ್ಮಸ್ಥ, ಇತರರನ್ನು ನಗಿಸುವುದು ಪರಸ್ಥ ಎಂದನೆಂದೂ, ಈ ರಸಕ್ಕೆ ಬಿಳಿಯ ಬಣ್ಣವನ್ನೂ ಪ್ರಮಥರೆಂಬ ಅಧಿದೇವತೆಗಳನ್ನೂ ಕೊಟ್ಟನೆಂದೂ ಹೇಳಿ ಮುಗಿಸುತ್ತೇನೆ. ಪರೀಕ್ಷೆಗೆ ಅಷ್ಟು ಸಾಕು. ಆದರೆ ಅದೇ ನಾಟ್ಯಶಾಸ್ತ್ರದ ಕೊನೆಯಲ್ಲಿ ಇನ್ನೊಂದು ಕತೆಯಿದೆ. ನಾಟ್ಯವಿದ್ಯೆಯಲ್ಲಿ ಪಳಗಿದ ಭರತನ ಮಕ್ಕಳು ಗರ್ವದಿಂದ ಋಷಿಗಳನ್ನೇ ಅಣಕಿಸಿ ಪ್ರಹಸನ ಆಡಿದರು. ಋಷಿಗಳು ಸಿಟ್ಟಿಗೆದ್ದು ಶಪಿಸಿದರು. ಆಡಿದವರು ತಮ್ಮ ಸ್ಥಾನದಿಂದ ಜಾರಿಬಿದ್ದರು. ನಗಿಸುವವನ ಕಷ್ಟ ನಾಟಕದಷ್ಟೇ ಹಳೆಯದು ಎಂಬುದಕ್ಕೆ ಇದಕ್ಕಿಂತ ಹಿರಿಯ ಸಾಕ್ಷಿ ಬೇಡ.

ಶಪಿಸುವವರು ಯುಗಯುಗಕ್ಕೆ ಬದಲಾಗುತ್ತಾರೆ. ಒಮ್ಮೆ ಋಷಿಗಳು, ಒಮ್ಮೆ ಅರಸರು, ಮತ್ತೊಮ್ಮೆ ಕಚೇರಿಗಳು. ಈ ಲೇಖನದಲ್ಲಿ ನಾನು ಹೇಳಹೊರಟಿರುವುದು ಚೀನ ದೇಶದ ಮಾ ಸಾನ್‌ಲಿ ಎಂಬ ನಗೆಗಾರರ ವೃತ್ತಾಂತ. ಅವರು 1914ರಲ್ಲಿ ಹುಟ್ಟಿ 2003ರಲ್ಲಿ ತೀರಿಕೊಂಡರು. ಈ ಎಂಬತ್ತೆಂಟು ವರ್ಷಗಳ ನಡುವೆ ಅವರು ಮಾತಿನಿಂದ ಅನ್ನ ಸಂಪಾದಿಸಿದರು, ಮಾತಿನಿಂದ ದೇಶದಲ್ಲೆಲ್ಲ ಹೆಸರಾದರು, ಅದೇ ಮಾತಿನಿಂದ ಸುಮಾರು ಇಪ್ಪತ್ತು ವರ್ಷ ಬಾಯಿ ಮುಚ್ಚಿಕೊಂಡಿರಬೇಕಾಯಿತು. ಆ ಮಾತುಗಳಾದರೂ ಅವರು ಬರೆದವಲ್ಲ!

ಮೊದಲು ಅವರ ಕಲೆ ಯಾವುದೆಂದು ಹೇಳಬೇಕು. ಅದರ ಹೆಸರು ಶಿಯಾಂಗ್‌ಶೆಂಗ್. ಪೀಕಿಂಗ್, ತಿಯಾಂಜಿನ್ ಮೊದಲಾದ ಉತ್ತರ ಚೀನದ ಊರುಗಳಲ್ಲಿ ಬೆಳೆದದ್ದು. ಉದ್ದನೆಯ ನಿಲುವಂಗಿ ತೊಟ್ಟ ಇಬ್ಬರು ಒಂದು ಮೇಜಿನ ಬಳಿ ನಿಲ್ಲುತ್ತಾರೆ. ಮೇಜಿನ ಮೇಲೆ ಒಂದು ಮಡಿಸುವ ಬೀಸಣಿಗೆ, ಒಂದು ಕರವಸ್ತ್ರ, ಗಮನ ಸೆಳೆಯಲು ಕುಟ್ಟುವ ಒಂದು ಮರದ ತುಂಡು. ವೇಷವಿಲ್ಲ, ಪರದೆಯಿಲ್ಲ, ಮೇಳವಿಲ್ಲ, ಇರುವುದೆಲ್ಲ ಮಾತು. ಹೇಳುವುದು, ಅನುಕರಿಸುವುದು, ಕೆಣಕುವುದು, ಹಾಡುವುದು ಎಂಬ ನಾಲ್ಕು ವಿದ್ಯೆಗಳನ್ನು ಕಲಿತವನೇ ಈ ಕಲೆಗೆ ಅರ್ಹ. ಇಬ್ಬರಲ್ಲಿ ಒಬ್ಬ ನಗೆಯನ್ನು ಕೆಣಕುವವನು, ಇನ್ನೊಬ್ಬ ಅದನ್ನು ಎತ್ತಿಹಿಡಿಯುವವನು. ಮೊದಲನೆಯವನು ಲೋಕದಲ್ಲಿಲ್ಲದ ಸಂಗತಿಯನ್ನು ಕಣ್ಣಾರೆ ಕಂಡಂತೆ ಹೇಳುತ್ತ ಹೋದರೆ, ಎರಡನೆಯವನು ನಮ್ಮ ನಿಮ್ಮ ಪರವಾಗಿ ‘ಹೌದೆ?’, ‘ಅದು ಹೇಗೆ?’, ‘ಛೆ, ಇರಲಾರದು!’ ಎನ್ನುತ್ತ ಕತೆಯನ್ನು ಮುಂದಕ್ಕೆ ನೂಕುತ್ತಾನೆ. ಕೆಣಕುವವನದು ಮೂರು ಪಾಲು, ಎತ್ತಿಹಿಡಿಯುವವನದು ಏಳು ಪಾಲು ಎಂದು ಈ ವೃತ್ತಿಯವರಲ್ಲಿ ಒಂದು ಗಾದೆಯೇ ಉಂಟು.

ನಗೆಯ ಮಾತಿಗೆ ಇವರು ಇಟ್ಟಿರುವ ಹೆಸರು ನನಗೆ ಬಹಳ ಹಿಡಿಸಿತು. ಅದನ್ನು ಅವರು ‘ಬಟ್ಟೆಯ ಗಂಟು’ ಎನ್ನುತ್ತಾರೆ. ಕೇಳುವವರ ಕಣ್ಣೆದುರಿಗೇ ಒಂದೊಂದು ಸಾಮಾನನ್ನು ಬಟ್ಟೆಯಲ್ಲಿಟ್ಟು ನಿಧಾನವಾಗಿ ಗಂಟು ಕಟ್ಟಬೇಕು. ಒಳಗೆ ಏನಿದೆಯೆಂದು ತಮಗೆ ಗೊತ್ತು ಎಂದು ಅವರು ನಂಬಬೇಕು. ಆಮೇಲೆ ಥಟ್ಟನೆ ಕೊಡವಿದರೆ ಒಳಗಿನಿಂದ ಬೇರೆಯೇ ಏನೋ ಬೀಳಬೇಕು. ಅಲಂಕಾರಶಾಸ್ತ್ರದವರು ಹಾಳೆಗಟ್ಟಲೆ ಬರೆದುದನ್ನು ಬೀದಿಯ ಕಲಾವಿದರು ಒಂದು ಗಂಟಿನಲ್ಲಿ ಕಟ್ಟಿಟ್ಟಿದ್ದಾರೆ ಎನ್ನಬಹುದು.

ಈ ಕಲೆ ಹುಟ್ಟಿದ್ದು ಬೀದಿಯಲ್ಲಿಯೇ. ಇದರ ಮೂಲಪುರುಷರಲ್ಲಿ ಒಬ್ಬನೆಂದು ಹೇಳುವ ಝು ಷಾವೊವೆನ್ ಎಂಬಾತ 1829ರಲ್ಲಿ ಹುಟ್ಟಿದವನು. ಮೊದಲು ನಾಟಕದಲ್ಲಿ ವಿದೂಷಕನ ಪಾತ್ರ ಮಾಡುತ್ತಿದ್ದನು. ಚಕ್ರವರ್ತಿ ತೀರಿಕೊಂಡರೆ ಆ ಕಾಲದಲ್ಲಿ ದೇಶವೆಲ್ಲ ಸೂತಕ. ತಿಂಗಳುಗಟ್ಟಲೆ ನಾಟಕ, ವಾದ್ಯ, ಹಾಡು ಎಲ್ಲ ನಿಷಿದ್ಧ. ಅರಸ ಸತ್ತರೆ ನಟನ ಒಲೆ ಆರುತ್ತಿತ್ತು. ಹೀಗೆ ಹೊಟ್ಟೆಪಾಡಿಗೆ ದಾರಿಗಾಣದೆ ಈತ ಬೀದಿಗಿಳಿದನೆಂದು ಹೇಳುತ್ತಾರೆ. ಕೈಯಲ್ಲಿ ಎರಡು ಬಿದಿರಿನ ಚಿಟಿಕೆ, ಜೊತೆಗೆ ಬಿಳಿಯ ಮರಳಿನ ಒಂದು ಚೀಲ. ಬೆರಳ ಸಂದಿಯಿಂದ ಮರಳನ್ನು ಉದುರಿಸಿ ನೆಲದ ಮೇಲೆ ಅಕ್ಷರಗಳನ್ನು ಬರೆಯುವನು. ಜನ ಸೇರಿದ ಮೇಲೆ ಆ ಅಕ್ಷರಗಳನ್ನೇ ಒಡೆದು, ಕೂಡಿಸಿ, ಅರ್ಥ ತಿರುಚಿ ನಗಿಸುವನು. ಆತ ಇಟ್ಟುಕೊಂಡಿದ್ದ ಹೆಸರಿನ ಅರ್ಥ ‘ಬಡತನಕ್ಕೆ ಹೆದರದವ’ ಎಂದು. ಹಾಸ್ಯದ ಬಣ್ಣ ಬಿಳಿ ಎಂದ ಭರತನ ಮಾತು ಪೀಕಿಂಗಿನ ಧೂಳಿನ ಮೇಲೂ ನಿಜವಾದದ್ದು ಆಕಸ್ಮಿಕವೇ ಇರಬಹುದು. ಆದರೆ ಸೊಗಸಾದ ಆಕಸ್ಮಿಕ.

ಆ ಸೂತಕದ ಕಾಲದ ಮೇಲೆಯೇ ಇವರು ಕಟ್ಟಿದ ಒಂದು ಪ್ರಸಿದ್ಧ ಸಂವಾದವಿದೆ. ‘ಕಸುಬು ಬದಲಾವಣೆ’ ಎಂದು ಅದರ ಹೆಸರು. ಶೋಕದ ದಿನಗಳಲ್ಲಿ ಕೆಂಪು ಬಣ್ಣ ಕಣ್ಣಿಗೆ ಬೀಳಕೂಡದೆಂದು ಅಪ್ಪಣೆಯಾಗಿದೆ. ಬದನೆಕಾಯಿ ಮಾರಬಹುದು, ಸೌತೆಕಾಯಿ ಮಾರಬಹುದು. ಕೆಂಪು ಮೂಲಂಗಿ ಮಾರಬೇಕಾದರೆ ಅದಕ್ಕೆ ನೀಲಿ ಬಟ್ಟೆಯ ಕುಪ್ಪಸ ಹೊಲಿಸಬೇಕು. ಕುಡಿದು ಕುಡಿದು ಮೂಗು ಕೆಂಪಾದವನು ಬೀದಿಗೆ ಬರುವಾಗ ಮೂಗಿಗೆ ನೀಲಿ ಬಳಿದುಕೊಳ್ಳಬೇಕು! ಕೆಲಸ ಕಳೆದುಕೊಂಡ ನಟರು ಹಣ್ಣು ತರಕಾರಿ ಮಾರಲು ಹೊರಡುತ್ತಾರೆ; ಆದರೆ ನಾಲಗೆಗೆ ಹತ್ತಿದ ರಾಗ ಬಿಡುವುದಿಲ್ಲ. ಮುದುಕಿಯ ಪಾತ್ರ ಮಾಡಿ ಹೆಸರಾದವನು ರಂಗದ ಮೇಲಿನ ಧಾಟಿಯಲ್ಲೇ ತರಕಾರಿ ಕೂಗುತ್ತಾನೆ. ಕೊಳ್ಳುವವರು ದಿಗಿಲುಬಿದ್ದು ಓಡುತ್ತಾರೆ. ಕೇಳಿದರೆ ನಗು ಬರುತ್ತದೆ. ಆದರೆ ಈ ನಗುವಿನ ತಳದಲ್ಲಿರುವುದು ಹಸಿವು. ಶಿಯಾಂಗ್‌ಶೆಂಗ್‌ನ ಒಳ್ಳೆಯ ಸಂವಾದಗಳೆಲ್ಲಕ್ಕೂ ಈ ಮಾತನ್ನು ಹೇಳಬಹುದು.

ಮಾ ಸಾನ್‌ಲಿ ಹುಟ್ಟಿದ್ದು ಪೀಕಿಂಗಿನಲ್ಲಿ, ಬಾಳಿದ್ದು ತಿಯಾಂಜಿನ್‌ನಲ್ಲಿ. ಮನೆತನ ಹುಯಿ ಪಂಗಡದ್ದು, ಎಂದರೆ ಚೀನೀ ಮುಸಲ್ಮಾನರದು. ಅಜ್ಜ ಮಾ ಚೆಂಗ್‌ಫಾಂಗ್ ಕತೆ ಹೇಳುವ ವೃತ್ತಿಯವರು. ತಾಯಿಯ ತಂದೆ ಶಿಯಾಂಗ್‌ಶೆಂಗ್ ಕಲಾವಿದರು. ತಂದೆ ಮಾ ದೆಲು ಅದೇ ಕಲೆಯ ಎಂಟು ಮಂದಿ ಪ್ರಸಿದ್ಧರಲ್ಲಿ ಒಬ್ಬರು. ಆ ಎಂಟು ಮಂದಿಯ ಹೆಸರಿನಲ್ಲಿಯೂ ‘ದೆ’ ಎಂಬ ಅಕ್ಷರವಿತ್ತು. ‘ದೆ’ ಎಂದರೆ ಶೀಲ. ಅಣ್ಣ ಮಾ ಗುಯಿಯುವಾನ್ ಕೂಡ ಅದೇ ದಾರಿ ಹಿಡಿದವರು. ಇಷ್ಟು ದೊಡ್ಡ ಮನೆತನ ಎಂದೊಡನೆ ಐಶ್ವರ್ಯವಿತ್ತೆಂದು ವಾಚಕರು ಭಾವಿಸಬಾರದು. ನಾಲಗೆಯ ಆಸ್ತಿಯ ಹೊರತು ಬೇರೆ ಆಸ್ತಿ ಆ ಮನೆಯಲ್ಲಿರಲಿಲ್ಲ. ಹುಡುಗನಾದರೂ ಓದಿ ಮುಂದೆ ಬರಲೆಂದು ಶಾಲೆಗೆ ಕಳುಹಿಸಿದರು. ಅವನು ಕೆಲವು ವರ್ಷ ಚೆನ್ನಾಗಿಯೇ ಓದಿದ. ಆಮೇಲೆ ಹಣವಿಲ್ಲದೆ ಹದಿನೈದರ ಆಸುಪಾಸಿನಲ್ಲಿ ಶಾಲೆ ಬಿಟ್ಟು ಮನೆಯ ಕಸುಬಿಗೇ ಬಂದ. ಝೌ ದೆಷಾನ್ ಎಂಬ ಹಿರಿಯ ಕಲಾವಿದರಲ್ಲಿ ಶಿಷ್ಯವೃತ್ತಿ ಮಾಡಿದ. ಆ ಗುರುವಿಗೆ ಜನ ಕೊಟ್ಟಿದ್ದ ಅಡ್ಡಹೆಸರು ‘ಕಪ್ಪೆ’!

ತಿಯಾಂಜಿನ್ ಎಂಬ ಊರನ್ನು ಹಳೆಯ ಭೂಪಟಗಳಲ್ಲಿ ಟಿಯೆಂಟ್ಸಿನ್ ಎಂದು ಕಾಣುತ್ತೇವೆ. ಪೀಕಿಂಗಿಗೆ ಸಮುದ್ರದ ಬಾಗಿಲಿನಂತಿದ್ದ ರೇವುಪಟ್ಟಣ. ಹತ್ತೊಂಬತ್ತನೆಯ ಶತಮಾನದ ಯುದ್ಧಗಳ ತರುವಾಯ ಹೊರದೇಶದವರು ಅಲ್ಲಿ ಒಬ್ಬೊಬ್ಬರು ಒಂದೊಂದು ಪೇಟೆಯನ್ನು ತಮ್ಮ ಆಡಳಿತಕ್ಕೆ ತೆಗೆದುಕೊಂಡಿದ್ದರು. ಆ ಪೇಟೆಗಳಿಗೂ ಹಳೆಯ ಊರಿಗೂ ನಡುವೆ ‘ಸಾನ್‌ಬುಗುವಾನ್’ ಎಂಬ ಒಂದು ಬಯಲು. ‘ಮೂವರೂ ಕೇಳದ ಜಾಗ’ ಎಂದು ಆ ಹೆಸರನ್ನು ಕನ್ನಡಿಸಬಹುದು. ಯಾರ ಅಧಿಕಾರವೂ ಗಟ್ಟಿಯಾಗಿ ನಡೆಯದ ಆ ಬಯಲಿನಲ್ಲಿ ಕುಸ್ತಿಯವರು, ಕಣ್ಕಟ್ಟಿನವರು, ಮೂಲಿಕೆ ಮಾರುವವರು, ಹಾಡುವವರು, ನಗಿಸುವವರು ಎಲ್ಲರೂ ಬೀಡುಬಿಟ್ಟಿದ್ದರು. ಚೀಟಿ ಕೊಂಡು ಒಳಗೆ ಬರುವ ಪದ್ಧತಿಯಿಲ್ಲ. ಮೊದಲು ನಗಿಸಬೇಕು, ನಕ್ಕವನು ಮನಸ್ಸಿದ್ದರೆ ಕಾಸು ಹಾಕಿಯಾನು, ಗಾಳಿ ಎದ್ದರೆ ಅರ್ಧ ಊಟ, ಮಳೆ ಬಂದರೆ ಉಪವಾಸ. ಬರಿಯ ನೆಲವನ್ನು ಕೆರೆದು ರೊಟ್ಟಿ ತೆಗೆಯುವ ಕಸುಬು ಎಂದು ಅವರೇ ಅದನ್ನು ಕರೆಯುತ್ತಿದ್ದರು.

ಇಂಥ ಕಡೆ ಕಲಿತವನಿಗೆ ಎರಡು ಗುಣ ಬರುತ್ತವೆ. ಒಂದು, ಕೇಳುವವನ ಮುಖ ಓದುವ ಚಾಕಚಕ್ಯತೆ. ಇನ್ನೊಂದು, ಮಾತಿನ ಮೇಲೆ ಬಿಗಿ ಹಿಡಿತ. ನೂರಾರು ಭಕ್ಷ್ಯಗಳ ಹೆಸರನ್ನು ಉಸಿರು ಕಟ್ಟಿ ಒಂದೇ ಓಟದಲ್ಲಿ ಹೇಳುವುದು ಈ ಕಲೆಯ ಅಕ್ಷರಾಭ್ಯಾಸ. ಹಸಿದ ಹುಡುಗನು ತಾನೆಂದೂ ಕಣ್ಣಿನಿಂದ ಕಾಣದ ಅಡಿಗೆಗಳ ಪಟ್ಟಿಯನ್ನು ದಿನವೂ ಬಾಯಿಪಾಠ ಮಾಡುತ್ತಿದ್ದುದನ್ನು ನೆನೆದರೆ ನಗಬೇಕೋ ಮರುಗಬೇಕೋ ತಿಳಿಯದು. ಮಾ ಅವರ ಹೆಸರಾಂತ ಸಂವಾದಗಳಲ್ಲಿ ಒಂದಾದ ‘ಗಂಜಿಕೇಂದ್ರ ತೆರೆದದ್ದು’ ಎಂಬುದರಲ್ಲಿಯೂ ಇಂಥದೇ ಉದ್ದದ ಪಟ್ಟಿ ಬರುತ್ತದೆ. ಮಹಾದಾನಿಯೊಬ್ಬ ಒಂದೊಂದು ಹಬ್ಬಕ್ಕೂ ಬಡವರಿಗೆ ತಾನು ಕೊಡಲಿರುವ ಪದಾರ್ಥಗಳನ್ನು ಸಾಲುಸಾಲಾಗಿ ಎಣಿಸುತ್ತಾನೆ. ಪಟ್ಟಿ ಬೆಳೆದಂತೆ ನಮಗೆ ಗೊತ್ತಾಗುವುದೇನೆಂದರೆ, ಕೊಡುವ ಮಾತಾಡುತ್ತಿರುವವನ ಕೈಯಲ್ಲಿಯೇ ಏನೂ ಇಲ್ಲ.

ಮಾ ಅವರ ಶೈಲಿಯನ್ನು ಕುರಿತು ಎರಡು ಮಾತು ಹೇಳಬೇಕು. ಅದೇ ಕಾಲದಲ್ಲಿ ಪೀಕಿಂಗಿನಲ್ಲಿ ಹೋ ಬಾವೊಲಿನ್ ಎಂಬ ಇನ್ನೊಬ್ಬ ಮಹಾಕಲಾವಿದರಿದ್ದರು (1917–1993). ಅವರದು ತಿದ್ದಿ ತೀಡಿದ, ಸುಸಂಸ್ಕೃತವಾದ ಮಾತು. ನಾಟಕದ ಹಾಡುಗಳನ್ನೂ ನಾನಾ ಪ್ರಾಂತಗಳ ಆಡುಮಾತುಗಳನ್ನೂ ಅನುಕರಿಸುವುದರಲ್ಲಿ ಅವರಿಗೆ ಎಣೆಯಿರಲಿಲ್ಲ. ಮಾ ಅವರದು ಬೇರೆ ದಾರಿ. ಮೈ ಸಣಕಲು, ಕಿವಿ ದೊಡ್ಡವು, ದನಿ ಮೆಲ್ಲನೆಯದು. ರಂಗದ ಮೇಲೆ ನಿಂತವರು ಪ್ರದರ್ಶನಕ್ಕೆ ಬಂದವರಂತಿರದೆ, ಬೀದಿಯ ತಿರುವಿನಲ್ಲಿ ಸಿಕ್ಕಿದ ನೆರೆಮನೆಯವರು ಏನೋ ಚಾಡಿ ಹೇಳುತ್ತಿರುವಂತಿರುತ್ತಿತ್ತು. ಎಲ್ಲಿಯೂ ಅವಸರವಿಲ್ಲ. ಗಂಟು ಕಟ್ಟುತ್ತಿದ್ದಾರೆಂಬ ಸುಳಿವನ್ನೇ ಕೊಡರು. ಮತ್ತೆ ಅವರ ಕತೆಗಳಲ್ಲಿ ಪೆಟ್ಟು ತಿನ್ನುವವನು, ಮೋಸಹೋಗುವವನು, ಬಡಾಯಿ ಕೊಚ್ಚಿ ಸಿಕ್ಕಿಬೀಳುವವನು ಬಹುಮಟ್ಟಿಗೆ ‘ನಾನು’ ಎಂಬವನೇ. ತನ್ನನ್ನು ತಾನು ಕೆಳಗೆ ಹಾಕಿಕೊಂಡು ಕೇಳುವವನನ್ನು ಮೇಲೆ ಕೂರಿಸುವುದು ಹಾಸ್ಯದಲ್ಲಿ ಬಹಳ ಕಷ್ಟದ ವಿದ್ಯೆ.

1949ರಲ್ಲಿ ಚೀನದಲ್ಲಿ ಹೊಸ ಸರ್ಕಾರ ಬಂದಿತು. ಬೀದಿಯ ಕಲಾವಿದರ ಬಾಳು ಒಮ್ಮೆಲೇ ಬದಲಾಯಿತೆಂಬುದನ್ನು ಒಪ್ಪಲೇಬೇಕು. ತಿರುಪೆಯವರೊಡನೆ ಎಣಿಸುತ್ತಿದ್ದವರನ್ನು ಕಲಾವಿದರೆಂದು ಕರೆದರು, ಸಂಬಳ ಗೊತ್ತುಮಾಡಿದರು, ರೇಡಿಯೋದಲ್ಲಿ ಜಾಗ ಕೊಟ್ಟರು. ಹಳೆಯ ಸಂವಾದಗಳಲ್ಲಿ ಅಶ್ಲೀಲ ಬಹಳವಿತ್ತು. ಹೆಂಗಸರು ಮಕ್ಕಳು ಕೇಳುವಂತಿರಲಿಲ್ಲ. ಅವನ್ನು ತಿದ್ದಲೆಂದು 1950ರ ಜನವರಿಯಲ್ಲಿ ಪೀಕಿಂಗಿನಲ್ಲಿ ಒಂದು ಸುಧಾರಣಾ ಮಂಡಲಿಯೇ ಏರ್ಪಟ್ಟಿತು. ಹೋ ಬಾವೊಲಿನ್ ಅದರಲ್ಲಿದ್ದರು. ಕಾದಂಬರಿಕಾರ ಲಾವೊ ಷೆ, ಭಾಷಾಶಾಸ್ತ್ರಜ್ಞ ಲುವೊ ಚಾಂಗ್‌ಪೆಯ್ ಮೊದಲಾದ ವಿದ್ವಾಂಸರು ನೆರವಾದರು. ಪಂಡಿತರೂ ಬೀದಿಯ ನಗೆಗಾರರೂ ಒಂದೇ ಮೇಜಿನ ಸುತ್ತ ಕುಳಿತು ನಗೆಮಾತು ತಿದ್ದಿದ್ದು ಸಾಹಿತ್ಯ ಚರಿತ್ರೆಯಲ್ಲಿ ಅಪರೂಪದ ಸಂಗತಿ. ಕಲಾವಿದರೂ ಈ ಗೌರವಕ್ಕೆ ತಕ್ಕ ಬೆಲೆ ತೆತ್ತರು. ತಿಯಾಂಜಿನ್‌ನ ಅಚ್ಚುಮೆಚ್ಚಿನ ನಗೆಗಾರ ಚಾಂಗ್ ಬಾವೊಕುನ್ ಸೈನಿಕರನ್ನು ರಂಜಿಸಲು ಕೊರಿಯಾ ಯುದ್ಧಭೂಮಿಗೆ ಹೋಗಿ 1951ರ ಏಪ್ರಿಲ್‌ನಲ್ಲಿ ಅಮೆರಿಕದ ವಿಮಾನದಾಳಿಗೆ ಬಲಿಯಾದರು. ಆತನಿಗೆ ಆಗ ಮೂವತ್ತು ವರ್ಷವೂ ತುಂಬಿರಲಿಲ್ಲ. ಮಾ ಅವರೂ ಮುಂದೆ ಅಲ್ಲಿಗೆ ಹೋಗಿ ಸೈನಿಕರನ್ನು ನಗಿಸಿ ಬಂದರು.

ಈಗ ಕೋತಿಗಳ ವಿಚಾರಕ್ಕೆ ಬರೋಣ.

ತಿಯಾಂಜಿನ್‌ನಲ್ಲಿ ಹ ಚಿ ಎಂಬ ಲೇಖಕರಿದ್ದರು. ಅವರು ಐವತ್ತರ ದಶಕದ ಮೊದಲರ್ಧದಲ್ಲಿ ‘ಕೋತಿ ಕೊಂಡದ್ದು’ ಎಂಬ ಹೊಸ ಸಂವಾದವನ್ನು ಬರೆದರು. ಮಾ ಅದನ್ನು ಆಡಿದರು. ಅದರ ಕತೆ ಹೀಗೆ: ಒಂದು ದೊಡ್ಡ ಸರಕಿನ ಕಂಪನಿ. ಅಲ್ಲಿ ಮಾ ದಾಹಾ ಎಂಬ ಗುಮಾಸ್ತ. ಉದಾಸೀನ, ಒರಟುತನ, ಹಲ್ಲುಕಿರಿಯುವಿಕೆ, ಈ ಮೂರನ್ನು ಹೇಳುವ ಮೂರು ಚೀನೀ ಮಾತುಗಳಿಂದ ಒಂದೊಂದು ಅಕ್ಷರ ತೆಗೆದು ಕಟ್ಟಿದ ಹೆಸರು ಅದು. ಊರಿನ ಈಶಾನ್ಯ ಮೂಲೆಯಲ್ಲಿರುವ ಕಡೆಯಿಂದ ಕೋತಿ ಮಾರ್ಕಿನ ಸಾಬೂನು ಐವತ್ತು ಪೆಟ್ಟಿಗೆ ತರಿಸಬೇಕೆಂದು ಆತ ಒಂದು ಕಾಗದ ಬರೆಯಬೇಕಾಗಿತ್ತು. ಬರೆದ ಕಾಗದದಲ್ಲಿ ‘ಮೂಲೆ’ ಬಿಟ್ಟುಹೋಯಿತು, ‘ಮಾರ್ಕು’ ಬಿಟ್ಟುಹೋಯಿತು, ‘ಸಾಬೂನು’ ಬಿಟ್ಟುಹೋಯಿತು. ಉಳಿದದ್ದು: ಈಶಾನ್ಯಕ್ಕೆ ಹೋಗಿ ಐವತ್ತು ಕೋತಿ ಕೊಂಡು ಬರತಕ್ಕದ್ದು! ಮೇಲಧಿಕಾರಿ ಓದದೆಯೇ ಒಪ್ಪಿಗೆ ಕೊಟ್ಟ. ಕೊಳ್ಳುವ ಕೆಲಸದವನು, ಎಂದರೆ ಕತೆ ಹೇಳುವ ‘ನಾನು’, ಅಪ್ಪಣೆಯೆಂದರೆ ಅಪ್ಪಣೆ ಎಂದು ಹೊರಟ. ಚೀನದ ಈಶಾನ್ಯ ಪ್ರಾಂತಕ್ಕೆ ಹೋದ. ಅಲ್ಲಿಂದ ಊರೂರು ಅಲೆದ. ಹೋದ ಕಡೆಯಲ್ಲೆಲ್ಲ ಜನ ಬೆರಗಾದರೇ ಹೊರತು ‘ಅಂಗಡಿಗೆ ಕೋತಿ ಏತಕ್ಕೆ?’ ಎಂಬ ಪ್ರಶ್ನೆಯನ್ನು ಮೇಲಿನವರಿಗೆ ಯಾರೂ ಹಾಕಲಿಲ್ಲ. ಕಡೆಗೆ ಕೋತಿಗಳು ಬಂದವು. ಬಂದವು ಬಿಡಿಸಿಕೊಂಡವು. ಅಂಗಡಿಯೊಳಗೆ ಐವತ್ತು ಕೋತಿಗಳು ಬಿಟ್ಟುಬಿದ್ದರೆ ಏನಾದೀತು ಎಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು.

ಇದು ರೇಡಿಯೋದಲ್ಲಿ ಬಂದೊಡನೆ ದೇಶವೇ ನಕ್ಕಿತು. ‘ಮಾ ದಾಹಾ’ ಎಂಬುದು ಮನೆಮಾತಾಯಿತು. ಯಾವ ಕಚೇರಿಯಲ್ಲಿ ಯಾರು ಕಡತ ಕಳೆದರೂ ‘ಇಲ್ಲೊಬ್ಬ ಮಾ ದಾಹಾ’ ಎಂದು ಜನ ಬೆರಳು ತೋರಿಸತೊಡಗಿದರು. ಮೆಚ್ಚಿಕೆಯ ಬೆನ್ನಿಗೇ ಆಕ್ಷೇಪಣೆಯೂ ಬಂದಿತು. ಹೊಸ ಸಮಾಜದ ಅಂಗಡಿಯಲ್ಲಿ ಇಂಥ ಗುಮಾಸ್ತನಿರುವುದು ಹೇಗೆ? ಓದದೆ ಒಪ್ಪಿಗೆ ಕೊಡುವ ಅಧಿಕಾರಿ, ಕೇಳದೆ ಓಡುವ ನೌಕರ, ಇವರೆಲ್ಲ ಎಲ್ಲಿದ್ದಾರೆ? ಇದು ದುಡಿಯುವ ಜನರ ಮೇಲೆ ಹೊರಿಸಿದ ಅಪವಾದವಲ್ಲವೆ?

ಇಲ್ಲಿ ಸಾಹಿತ್ಯದ ಉಪಾಧ್ಯಾಯನಾಗಿ ನನ್ನದೊಂದು ಮಾತು. ಅತಿಶಯೋಕ್ತಿ ಎಂಬುದು ಒಂದು ಅಲಂಕಾರ. ನಾಯಕನ ಕೀರ್ತಿ ಮೂರು ಲೋಕವನ್ನೂ ಬೆಳಗಿತು ಎಂದು ಕವಿ ಹೇಳಿದರೆ ದೀಪದೆಣ್ಣೆಯ ಖರ್ಚು ಉಳಿಯಿತೆ ಎಂದು ಯಾರೂ ಕೇಳುವುದಿಲ್ಲ. ಹೊಗಳಿಕೆಯ ಅತಿಶಯೋಕ್ತಿಯನ್ನು ಲೋಕ ಅಲಂಕಾರವೆಂದೇ ಓದುತ್ತದೆ. ತೆಗಳಿಕೆಯ ಅತಿಶಯೋಕ್ತಿಯನ್ನು ಮಾತ್ರ ಪೊಲೀಸರ ವರದಿಯಂತೆ ಓದುತ್ತದೆ. ಐವತ್ತು ಕೋತಿಗಳನ್ನು ಕೊಂಡ ಕಂಪನಿ ಲೋಕದಲ್ಲಿರಲಿಲ್ಲ, ನಿಜ. ಆದರೆ ಓದದೆ ಹಾಕಿದ ರುಜು ಲೋಕದಲ್ಲಿ ಇರಲಿಲ್ಲವೆ? ಹಾಸ್ಯಗಾರ ಸಣ್ಣದನ್ನು ದೊಡ್ಡದು ಮಾಡಿ ತೋರಿಸುವುದು ನಮ್ಮ ಕಣ್ಣು ಮಂದವಾಗಿರುವುದರಿಂದ. ಭೂತಗನ್ನಡಿಯನ್ನು ಸುಳ್ಳುಗಾರನೆನ್ನುವುದು ನ್ಯಾಯವಲ್ಲ.

1957ರಲ್ಲಿ ಚೀನದಲ್ಲಿ ‘ಬಲಪಂಥೀಯ’ರನ್ನು ಹುಡುಕುವ ಚಳವಳಿ ಮೊದಲಾಯಿತು. ಅದಕ್ಕೆ ಮುಂಚೆ, ಮನಸ್ಸಿನಲ್ಲಿರುವ ಟೀಕೆಯನ್ನು ಬಿಚ್ಚಿ ಹೇಳಿರೆಂದು ಸರ್ಕಾರವೇ ಜನರನ್ನು ಕರೆದಿತ್ತು. ಹೇಳಿದವರು ಈಗ ಸಿಕ್ಕಿಬಿದ್ದರು. ದೇಶದಲ್ಲಿ ಐದೂವರೆ ಲಕ್ಷಕ್ಕೂ ಮೇಲ್ಪಟ್ಟು ಜನರಿಗೆ ಆ ಹಣೆಪಟ್ಟಿ ಬಿದ್ದಿತೆಂದು ಮುಂದೆ ಸರ್ಕಾರದ ಲೆಕ್ಕವೇ ಹೇಳಿತು. ಹ ಚಿ ಅವರಲ್ಲಿ ಒಬ್ಬರು. ಬರೆದವರಿಗೆ ಶಿಕ್ಷೆಯಾಯಿತು ಎನ್ನೋಣ, ಆಡಿದವರ ತಪ್ಪೇನು? ಆದರೆ 1958ರಲ್ಲಿ ಮಾ ಸಾನ್‌ಲಿ ಅವರ ಹೆಸರೂ ಆ ಪಟ್ಟಿಗೆ ಸೇರಿತು. ಆಗ ಅವರಿಗೆ ನಲವತ್ತನಾಲ್ಕರ ವಯಸ್ಸು. ಈ ಸಾಲುಗಳನ್ನು ಬರೆಯುತ್ತಿರುವ ನನ್ನದೂ ಹೆಚ್ಚುಕಡಿಮೆ ಅದೇ ವಯಸ್ಸು. ಮನುಷ್ಯನಿಗೆ ತನ್ನ ಕಸುಬಿನ ಮರ್ಮ ಕೈಗೆ ಹತ್ತುವ ಕಾಲ ಅದು. ನಗೆಗಾರನ ಪಾಲಿಗಂತೂ ನಡುವಯಸ್ಸೇ ವಸಂತ.

ನಡುವೆ, ಅರವತ್ತರ ದಶಕದ ಮೊದಲಲ್ಲಿ, ಕೆಲವು ಕಾಲ ಅವರನ್ನು ಮತ್ತೆ ಆಡಗೊಟ್ಟರು. ಹಳೆಯ ಸಂವಾದಗಳನ್ನು ಅವರು ಧ್ವನಿಮುದ್ರಿಸಿದ್ದು ಆ ಬಿಡುವಿನಲ್ಲಿಯೇ. ಆಮೇಲೆ 1966ರಲ್ಲಿ ಸಾಂಸ್ಕೃತಿಕ ಕ್ರಾಂತಿಯೆಂಬ ಬಿರುಗಾಳಿ ಬೀಸಿತು. ನಗೆಗಾರರ ಜೊತೆ ಕುಳಿತು ಮಾತು ತಿದ್ದಿದ್ದ ಲಾವೊ ಷೆ ಅದೇ ವರ್ಷದ ಆಗಸ್ಟಿನಲ್ಲಿ ಎಳೆಯ ಕ್ರಾಂತಿಕಾರರಿಂದ ಪೆಟ್ಟುತಿಂದು, ಮರುದಿನ ಕೊಳದಲ್ಲಿ ಹೆಣವಾದರು. ಹೋ ಬಾವೊಲಿನ್ ಅವರನ್ನು ಸಭೆಗಳಲ್ಲಿ ನಿಲ್ಲಿಸಿ ಹೀಯಾಳಿಸಿದರು. ಹಳೆಯ ಶಿಯಾಂಗ್‌ಶೆಂಗ್ ರಂಗದಿಂದ ಮರೆಯಾಯಿತು. ಮಾ ಅವರನ್ನು 1970ರಲ್ಲಿ ಕುಟುಂಬಸಹಿತ ತಿಯಾಂಜಿನ್‌ನ ದಕ್ಷಿಣಕ್ಕಿರುವ ಒಂದು ಹಳ್ಳಿಗೆ ಕಳುಹಿಸಿದರು. ಅವರು ಊರಿಗೆ ಹಿಂದಿರುಗಿದ್ದು 1977ರಲ್ಲಿ. ಅನಂತರ ಹಳೆಯ ಹಣೆಪಟ್ಟಿಗಳನ್ನು ಮರುಪರಿಶೀಲನೆ ಮಾಡಿದಾಗ ಅವರ ಮೇಲಿನ ಆಪಾದನೆಯೂ ತಪ್ಪೆಂದು ತೀರ್ಮಾನವಾಯಿತು.

ಈ ಭಾಗವನ್ನು ಓದುವಾಗ ನನಗೆ ಮತ್ತೆ ಮತ್ತೆ ಅನ್ನಿಸಿದ್ದೊಂದುಂಟು. ‘ಕೋತಿ ಕೊಂಡದ್ದು’ ಸಂವಾದದಲ್ಲಿ ನಗೆ ಹುಟ್ಟುವುದು ಗುಮಾಸ್ತನ ಕೈತಪ್ಪಿನಿಂದ ಮಾತ್ರವಲ್ಲ. ಒಬ್ಬ ತಪ್ಪು ಬರೆದ, ಇನ್ನೊಬ್ಬ ಓದದೆ ಒಪ್ಪಿದ, ಮೂರನೆಯವನು ಕೇಳದೆ ನಡೆಸಿದ. ಯಾರಿಗೂ ಕೋತಿ ಬೇಕಾಗಿರಲಿಲ್ಲ; ಆದರೂ ಕೋತಿ ಬಂದಿತು. ಆ ಸಂವಾದವನ್ನು ಆಡಿದವರ ಪಾಡೂ ಹೀಗೆಯೇ ಆಯಿತಲ್ಲವೆ? ಯಾರೋ ಒಂದು ಪಟ್ಟಿ ಬರೆದರು, ಯಾರೋ ರುಜು ಹಾಕಿದರು, ಉಳಿದವರು ಅಪ್ಪಣೆಯೆಂದರೆ ಅಪ್ಪಣೆ ಎಂದರು. ಒಬ್ಬ ನಗೆಗಾರ ಹಳ್ಳಿಯಲ್ಲಿ ಮಣ್ಣು ಅಗೆಯುವುದರಿಂದ ಯಾರಿಗೆ ಯಾವ ಲಾಭ ಎಂದು ಕೇಳುವವರಿರಲಿಲ್ಲ. ಆಪಾದನೆಗೆ ಉತ್ತರವನ್ನು ಆಪಾದಿಸಿದವರೇ ಹೀಗೆ ಒದಗಿಸಿಕೊಟ್ಟರು. ಮಾ ದಾಹಾ ಎಂಬವನು ಇದ್ದಾನೆಯೆ ಎಂದು ಕೇಳಿದವರಿಗೆ, ಇದ್ದಾನೆ ಎಂಬುದಕ್ಕೆ ಮಾ ಸಾನ್‌ಲಿ ಅವರ ಇಪ್ಪತ್ತು ವರ್ಷಗಳೇ ಪುರಾವೆ.

ಮತ್ತೆ ರಂಗಕ್ಕೆ ಬಂದಾಗ ಅವರು ಅರವತ್ತು ದಾಟಿದ ಮುದುಕ. ಇನ್ನು ಇವರಿಂದೇನಾದೀತು ಎಂದುಕೊಂಡವರಿದ್ದರೆ ಅವರೆಣಿಕೆ ಸುಳ್ಳಾಯಿತು. ಎಪ್ಪತ್ತರ ಮೇಲೆ ಅವರು ಒಬ್ಬರೇ ನಿಂತು ಹೇಳಿದ ಸಣ್ಣ ಸಣ್ಣ ಕತೆಗಳು ಹೊಸ ತಲೆಮಾರಿನವರ ನಾಲಗೆಯ ಮೇಲೂ ನಿಂತವು. ಎರಡನ್ನು ಮಾತ್ರ ಹೇಳುತ್ತೇನೆ.

ತಾಯಿ ಬಟ್ಟೆ ಒಣಹಾಕಿ ಒಳಗೆ ಕೆಲಸದಲ್ಲಿದ್ದಾಳೆ. ಕಳ್ಳರು ಬಂದಾರು, ನೋಡಿಕೋ ಎಂದು ಐದು ವರ್ಷದ ಮಗನನ್ನು ಬಾಗಿಲಲ್ಲಿ ಕೂರಿಸಿದ್ದಾಳೆ. ಕಳ್ಳ ಬರುತ್ತಾನೆ, ಮಗುವನ್ನು ಮುದ್ದಾಗಿ ಮಾತಾಡಿಸುತ್ತಾನೆ, ತನ್ನ ಹೆಸರು ‘ಸುಮ್ಮನೆ-ತಮಾಷೆಗೆ’ ಎಂದು ಹೇಳಿಕೊಟ್ಟು ಬಾಯಿಪಾಠ ಮಾಡಿಸುತ್ತಾನೆ. ಆಮೇಲೆ ಅಂಗಿಗೆ ಕೈ ಹಾಕುತ್ತಾನೆ. ಮಗು ಕೂಗುತ್ತದೆ: ‘ಅಮ್ಮಾ, ನಮ್ಮ ಅಂಗಿ ತೆಗೀತಿದಾನೆ!’ ‘ಯಾರೋ?’ ‘ಸುಮ್ಮನೆ-ತಮಾಷೆಗೆ!’ ‘ತೆಪ್ಪಗೆ ಕೂತಿರು!’ ಎಂದು ತಾಯಿ ಗದರುತ್ತಾಳೆ. ಒಂದಾದ ಮೇಲೊಂದು ಬಟ್ಟೆಯೂ ಹೀಗೆಯೇ ಹೋಗುತ್ತದೆ. ಮಗು ಒಮ್ಮೆಯೂ ಸುಳ್ಳಾಡಲಿಲ್ಲ. ತಾಯಿ ಒಮ್ಮೆಯೂ ಹೊರಗೆ ಬರಲಿಲ್ಲ.

ಎರಡನೆಯದು ಇನ್ನೂ ಚಿಕ್ಕದು. ತುರಿಕೆಗೆ ಮನೆತನದ ಗುಟ್ಟಿನ ಔಷಧ ಎಂದು ಒಬ್ಬ ಬೀದಿಯಲ್ಲಿ ಪೊಟ್ಟಣ ಮಾರುತ್ತಾನೆ. ಕೊಂಡವನು ಮೈ ಕಡಿತ ತಾಳಲಾರದೆ ಮನೆಗೋಡಿ ಪೊಟ್ಟಣ ಬಿಚ್ಚುತ್ತಾನೆ. ಕಾಗದದೊಳಗೆ ಕಾಗದ, ಅದರೊಳಗೆ ಇನ್ನೊಂದು ಕಾಗದ. ಎಲ್ಲಕ್ಕೂ ಒಳಗಿನ ಚೂರಿನಲ್ಲಿ ಬರೆದಿದೆ: ‘ಕೆರೆದುಕೋ’.

ಈ ಮುಪ್ಪಿನ ಕತೆಗಳಲ್ಲಿ ಕಚೇರಿಯಿಲ್ಲ, ಅಧಿಕಾರಿಯಿಲ್ಲ. ಪೆಟ್ಟು ತಿಂದವರು ಎಚ್ಚರಿಕೆ ಕಲಿತರೆಂದು ಕೆಲವರು ಹೇಳಿಯಾರು. ಇರಬಹುದು, ಅದರಲ್ಲಿ ನಾಚಿಕೆಪಡತಕ್ಕದ್ದೂ ಇಲ್ಲ. ನಗೆಗ್ರಂಥಕ್ಕೆ ಭಾಷ್ಯ ಬರೆಯುವುದು ಅರಸಿಕತನವೆಂದು ನಾನು ಬಲ್ಲೆ. ಆದರೂ ಬಾಗಿಲಲ್ಲಿ ಕುಳಿತು ನಿಜ ಕೂಗಿ ಬೈಸಿಕೊಂಡ ಆ ಮಗುವಿನ ಕತೆಯನ್ನು ಕೇಳಿದ ತಿಯಾಂಜಿನ್‌ನ ಹಿರಿಯರು, ತಮ್ಮ ಮನೆಯಿಂದಲೂ ಒಂದೊಂದಾಗಿ ಏನೇನೋ ಹೋದದ್ದನ್ನು ನೆನೆದು ನಕ್ಕಿರಲಾರರೆ? ಹಾಗೆಂದು ಮಾ ಎಲ್ಲಿಯೂ ಹೇಳುವುದಿಲ್ಲ. ಗಂಟು ಕೊಡವಿದ ಮೇಲೆ ಬಿದ್ದದ್ದೇನೆಂದು ವಿವರಿಸುವುದು ಆ ಕಸುಬಿನ ಧರ್ಮವಲ್ಲ.

2001ರ ಡಿಸೆಂಬರಿನಲ್ಲಿ, ಎಂಬತ್ತೇಳನೆಯ ವಯಸ್ಸಿನಲ್ಲಿ, ತಿಯಾಂಜಿನ್‌ನಲ್ಲಿಯೇ ಅವರು ರಂಗಕ್ಕೆ ವಿದಾಯ ಹೇಳಿದರು. 2003ರ ಫೆಬ್ರವರಿ 11ರಂದು ತೀರಿಕೊಂಡರು. ಅವರ ಮತದ ವಿಧಿಯಂತೆ ಆಡಂಬರವಿಲ್ಲದೆ ಮಣ್ಣುಮಾಡಿದರು.

ಸಾನ್‌ಲಿ ಎಂಬ ಹೆಸರಿಗೆ ‘ಮೂರು ನಿಲ್ಲಿಸುವಿಕೆ’ ಎಂದು ಅರ್ಥ. ಮನುಷ್ಯನು ಅಳಿದ ಮೇಲೂ ಅಳಿಯದೆ ನಿಲ್ಲುವವು ಮೂರು: ಶೀಲ, ಸಾಧನೆ, ಮಾತು ಎಂದು ಚೀನದ ಒಂದು ಪ್ರಾಚೀನ ಚರಿತ್ರೆಯಲ್ಲಿ ಹೇಳಿದೆ. ಮೊದಲೆರಡನ್ನು ತೂಗಲು ನಾನು ದೂರದವನು. ಮೂರನೆಯದಕ್ಕೆ ಮಾತ್ರ ನಿಘಂಟಿನ ಸಾಕ್ಷಿಯಿದೆ. ಅಜಾಗರೂಕನಾದವನಿಗೆ ‘ಮಾ ದಾಹಾ’ ಎಂಬ ಮಾತು ಚೀನೀ ನಿಘಂಟಿಗೆ ಸೇರಿ, ಅದನ್ನು ಯಾರು ಬರೆದರು, ಯಾರು ಆಡಿದರು, ಯಾರು ಅದಕ್ಕಾಗಿ ತೆತ್ತರು ಎಂಬುದು ತಿಳಿಯದವರ ಬಾಯಲ್ಲಿಯೂ ದಿನವೂ ಬರುತ್ತಿದೆ. ಆ ಇಬ್ಬರ ಹೆಸರನ್ನು ಪಟ್ಟಿಗೆ ಸೇರಿಸಿ ರುಜು ಹಾಕಿದವರ ಹೆಸರು ಮಾತ್ರ ಯಾವ ನಿಘಂಟಿನಲ್ಲಿಯೂ ಇಲ್ಲ.